ಪತಾತಾಸ್ ಬ್ರಾವಾಸ್: ಸಾಸ್ ಕಹಿಯಾಗದಂತೆ, ಆಲೂಗಡ್ಡೆ ಮೆತ್ತಗಾಗದಂತೆ

ಪ್ರಶ್ನೆ: ಕಳೆದ ವರ್ಷ ಮಗಳ ಜೊತೆ ಸ್ಪೇನ್‌ಗೆ ಹೋಗಿದ್ದೆವು. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮ್ಯಾಡ್ರಿಡ್‌ನಲ್ಲಿ ಸಂಜೆಯಾದರೆ ಪತಾತಾಸ್ ಬ್ರಾವಾಸೇ ಗತಿ, ಅಂದರೆ ಕರಿದ ಆಲೂಗಡ್ಡೆ ತುಂಡುಗಳ ಮೇಲೆ ಖಾರದ ಕೆಂಪು ಸಾಸ್. ತುಂಬಾ ಇಷ್ಟವಾಯಿತು. ಊರಿಗೆ ಬಂದ ಮೇಲೆ ವಿಡಿಯೋ ನೋಡಿ ಮಾಡಿದೆ. ಟೊಮೆಟೊ, ಕೆಚಪ್, ಅಚ್ಚಖಾರದ ಪುಡಿ ಹಾಕಿದೆ. ಸಾಸ್ ಒಂದು ಕಡೆ ಸಿಹಿ, ಇನ್ನೊಂದು ಕಡೆ ಕಹಿ. ಆಲೂಗಡ್ಡೆ ಹೊರಗೆ ಕಪ್ಪಾಯಿತು, ಐದು ನಿಮಿಷದಲ್ಲಿ ಮೆತ್ತಗಾಯಿತು. ಅಲ್ಲಿಯ ರುಚಿ ಮನೆಯಲ್ಲಿ ಬರಬೇಕಾದರೆ ಏನು ಮಾಡಬೇಕು? ಬ್ಯಾಡಗಿ ಮೆಣಸಿನಕಾಯಿ ನಡೆಯುತ್ತದಾ? (ಓದುಗರು, ಹುಬ್ಬಳ್ಳಿ)

ಉತ್ತರ: ಖಂಡಿತಾ ನಡೆಯುತ್ತದೆ. ನೀವು ಇರುವ ಜಾಗದಲ್ಲಂತೂ ಇನ್ನೂ ಚೆನ್ನಾಗಿ ನಡೆಯುತ್ತದೆ. ಆದರೆ ಮೊದಲು ಕೆಚಪ್ ಬಾಟಲಿಯನ್ನು ಪಕ್ಕಕ್ಕಿಡಿ. ಟೊಮೆಟೊವನ್ನೂ ಈ ಸಲ ಬಿಟ್ಟುಬಿಡಿ. ನೀವು ಮ್ಯಾಡ್ರಿಡ್‌ನಲ್ಲಿ ತಿಂದ ಸಾಸ್‌ನಲ್ಲಿ ಬಹುಶಃ ಟೊಮೆಟೊ ಇರಲೇ ಇಲ್ಲ. ಆ ಕೆಂಪು ಬಣ್ಣ ಮೆಣಸಿನಕಾಯಿಯದ್ದು. ಸಾಸ್ ಗಟ್ಟಿಯಾಗುವುದು ಈರುಳ್ಳಿ ಮತ್ತು ಮೈದಾದಿಂದ. ರುಚಿಯ ಆಳ ಬರುವುದು ಒಳ್ಳೆಯ ಸಾರಿನಿಂದ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಸ್ಪೇನ್‌ನಲ್ಲೇ ಇದನ್ನು ಒಂದೊಂದು ಊರಲ್ಲಿ ಒಂದೊಂದು ಥರ ಮಾಡುತ್ತಾರೆ. ಈ ತಿನಿಸು ಹೆಸರಾದದ್ದು ಮ್ಯಾಡ್ರಿಡ್‌ನ ಬಾರ್‌ಗಳಲ್ಲಿ, ಕಳೆದ ಶತಮಾನದ ನಡುಭಾಗದಲ್ಲಿ. ಪುಯೆರ್ತಾ ಡೆಲ್ ಸೋಲ್ ಚೌಕದ ಹತ್ತಿರ 'ಲಾಸ್ ಬ್ರಾವಾಸ್' ಅಂತ ಒಂದು ಬಾರ್ ಇದೆ. ತಮ್ಮ ಸಾಸ್‌ಗೆ ಪೇಟೆಂಟ್ ಇದೆ ಎಂದು ಅವರು ಬೋರ್ಡಿನಲ್ಲೇ ಬರೆಸಿಕೊಂಡಿದ್ದಾರೆ. ಊರಿನ ಪೂರ್ವಕ್ಕೆ, ಕಿಂತಾನಾ ಬಡಾವಣೆಯಲ್ಲಿ 1963ರಿಂದ ನಡೆಯುತ್ತಿರುವ 'ಡೊಕಮಾರ್' ಇದೆ. ಅಲ್ಲಿಯ ಸಾಸ್ ಅನ್ನು ಜನ ಬಾಟಲಿಯಲ್ಲಿ ಮನೆಗೆ ಒಯ್ಯುತ್ತಾರೆ. ಬಾರ್ಸಿಲೋನಾಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಬೆಳ್ಳುಳ್ಳಿಯ ಬಿಳಿ ಸಾಸ್ ಅಲಿಯೋಲಿ ಬಂದು ಸೇರಿಕೊಳ್ಳುತ್ತದೆ. ಸರ್ರಿಯಾ ಬಡಾವಣೆಯ 'ಬಾರ್ ತೊಮಾಸ್'ನಲ್ಲಿ ಅಲಿಯೋಲಿ ಮೇಲೆ ಖಾರದ ಕೆಂಪು ಎಣ್ಣೆ ಹಾಕಿ ಕೊಡುತ್ತಾರೆ. ಟೊಮೆಟೊ ಹಾಕುವವರೂ ಸ್ಪೇನ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ತಪ್ಪು ಅಂತಲ್ಲ. ಆದರೆ ನಿಮ್ಮ ನಾಲಿಗೆಯಲ್ಲಿ ಉಳಿದಿರುವುದು ಮ್ಯಾಡ್ರಿಡ್ ರುಚಿ. ಹಾಗಾಗಿ ಅದನ್ನೇ ಹೇಳುತ್ತೇನೆ.

ಈಗ ಮೆಣಸಿನಕಾಯಿ ವಿಷಯ. ಅಲ್ಲಿ ಬಳಸುವ ಪುಡಿಗೆ ಪಿಮೆಂತೋನ್ ಅನ್ನುತ್ತಾರೆ. ಎಕ್ಸ್‌ತ್ರೆಮದೂರಾ ಪ್ರಾಂತ್ಯದ ಲಾ ವೇರಾ ಎಂಬ ಕಣಿವೆಯದ್ದು ಬಹಳ ಪ್ರಸಿದ್ಧಿ. ಮೆಣಸಿನಕಾಯಿ ಕೊಯ್ಲಿಗೆ ಬರುವ ಹೊತ್ತಿಗೆ ಅಲ್ಲಿ ಮಳೆ ಶುರುವಾಗುತ್ತದೆ. ಬಿಸಿಲಿನಲ್ಲಿ ಒಣಗಿಸಲು ಆಗುವುದಿಲ್ಲ. ಅದಕ್ಕೆ ಎರಡು ಅಂತಸ್ತಿನ ಒಣಗಿಸುವ ಮನೆ ಕಟ್ಟಿಕೊಂಡಿದ್ದಾರೆ. ಕೆಳಗೆ ಓಕ್ ಸೌದೆಯ ಸಣ್ಣ ಬೆಂಕಿ, ಮೇಲಿನ ಅಟ್ಟದಲ್ಲಿ ಮೆಣಸಿನಕಾಯಿ. ಹತ್ತು ಹದಿನೈದು ದಿನ ಹಾಗೇ ಹೊಗೆಯಲ್ಲಿ ಒಣಗುತ್ತದೆ. ದಿನಾ ಕೈಯಿಂದ ತಿರುವಿ ಹಾಕುತ್ತಾರೆ. ಆಮೇಲೆ ಕಲ್ಲಿನಲ್ಲಿ ನಿಧಾನವಾಗಿ ಬೀಸುತ್ತಾರೆ. ಆ ಹೊಗೆಯ ವಾಸನೆಯೇ ಅದರ ಗುರುತು. ಇದರಲ್ಲಿ ಮೂರು ಬಗೆ: ಖಾರವಿಲ್ಲದ ದುಲ್ಸೆ, ನಡುವಿನ ಅಗ್ರಿದುಲ್ಸೆ, ಖಾರದ ಪಿಕಾಂತೆ. ಬ್ರಾವಾಸ್ ಸಾಸ್‌ಗೆ ದುಲ್ಸೆ ಜಾಸ್ತಿ, ಪಿಕಾಂತೆ ಕಮ್ಮಿ. ಬಣ್ಣ ಒಂದರಿಂದ, ಖಾರ ಇನ್ನೊಂದರಿಂದ.

ಈ ಲೆಕ್ಕ ನಮ್ಮ ಕಡೆಯವರಿಗೆ ಹೊಸದೇನಲ್ಲ, ಅಲ್ವಾ? ಮಸಾಲೆ ಪುಡಿ ಮಾಡಿಸುವಾಗ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಬೆರೆಸುತ್ತೇವಲ್ಲ, ಅದೇ ಲೆಕ್ಕ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಡು ಕೆಂಪು, ಖಾರ ಕಮ್ಮಿ. ಅದೂ ಪಿಮೆಂತೋನ್ ಮೆಣಸಿನಕಾಯಿಯೂ ಒಂದೇ ಜಾತಿಯ ಗಿಡಗಳು. ಒಂದು ಬಳಗ ಅಮೆರಿಕದಿಂದ ಸ್ಪೇನ್‌ಗೆ ಹೋಯಿತು, ಇನ್ನೊಂದು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ವ್ಯತ್ಯಾಸ ಇರುವುದು ಒಣಗಿಸುವ ರೀತಿಯಲ್ಲಿ. ನಮ್ಮದು ಬಿಸಿಲಿನಲ್ಲಿ ಒಣಗಿದ್ದು, ಹೊಗೆ ಇಲ್ಲ.

ಹೊಗೆ ಕೊಡುವುದು ಮನೆಯಲ್ಲೇ ಆಗುತ್ತದೆ. ಹದಿನೈದು ಇಪ್ಪತ್ತು ಬ್ಯಾಡಗಿ ತೆಗೆದುಕೊಳ್ಳಿ. ತೊಟ್ಟು ಮುರಿದು, ಉದ್ದಕ್ಕೆ ಸೀಳಿ, ಬೀಜ ಮತ್ತು ಒಳಗಿನ ಬಿಳಿ ನಾರು ಉದುರಿಸಿ. ಬೀಜ ಉಳಿದರೆ ಸಾಸ್ ತರಿತರಿಯಾಗುತ್ತದೆ, ಸ್ವಲ್ಪ ಕಹಿಯೂ ಬರುತ್ತದೆ. ಈ ಸಿಪ್ಪೆಗಳನ್ನು ದಪ್ಪ ತಳದ ಪಾತ್ರೆಯಲ್ಲಿ ಹರಡಿ. ನಡುವೆ ಒಂದು ಸಣ್ಣ ಸ್ಟೀಲ್ ಬಟ್ಟಲು ಇಡಿ. ಅದರಲ್ಲಿ ಚೆನ್ನಾಗಿ ಕೆಂಪಾದ ಒಂದು ಇದ್ದಿಲ ಕೆಂಡ ಇಟ್ಟು, ಅರ್ಧ ಚಮಚ ಎಣ್ಣೆ ಬಿಟ್ಟು, ತಕ್ಷಣ ಮುಚ್ಚಿ. ಹತ್ತು ನಿಮಿಷ ತೆಗೆಯಬೇಡಿ. ಕೆಂಡಕ್ಕೆ ಮೆಣಸಿನಕಾಯಿ ತಾಗಬಾರದು. ತಾಗಿದರೆ ಮನೆಯವರೆಲ್ಲ ಕೆಮ್ಮುತ್ತಾ ಹೊರಗೆ ಓಡಬೇಕಾಗುತ್ತದೆ. ಕಿಟಕಿ ತೆಗೆದಿಡಿ. ಆಮೇಲೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಗರಿಯಾದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿಯಿರಿ. ಲಾ ವೇರಾದ ಹದಿನೈದು ದಿನದ ಹೊಗೆ ಇದರಲ್ಲಿ ಬರುವುದಿಲ್ಲ ನಿಜ. ಆದರೆ ಸಾಸ್ ಬಾಯಿಗಿಟ್ಟಾಗ ಆ ನೆನಪು ಬರುವಷ್ಟು ಬರುತ್ತದೆ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಸ್ಮೋಕ್ಡ್ ಪ್ಯಾಪ್ರಿಕಾ ಸಿಗುತ್ತದೆ. ಅದನ್ನು ತಂದರೆ ಅರ್ಧ ಅದು, ಅರ್ಧ ಬ್ಯಾಡಗಿ ಬೆರೆಸಿ. ನನಗೆ ಈ ಮಿಶ್ರಣವೇ ಹೆಚ್ಚು ಇಷ್ಟ. ಹೊಗೆ ಹದವಾಗಿರುತ್ತದೆ, ಬಣ್ಣ ಎದ್ದು ಕಾಣುತ್ತದೆ.

ನಿಮ್ಮ ಸಾಸ್ ಯಾಕೆ ಕಹಿಯಾಯಿತು ಅನ್ನುವುದನ್ನು ಈಗ ನೋಡೋಣ. ನಮ್ಮ ಕೈಗೆ ಒಗ್ಗರಣೆಯ ಅಭ್ಯಾಸ. ಎಣ್ಣೆ ಚೆನ್ನಾಗಿ ಕಾದ ಮೇಲೆ ಸಾಮಾನು ಹಾಕುತ್ತೇವೆ. ಇಡೀ ಮೆಣಸಿನಕಾಯಿ ಅದನ್ನು ತಡೆದುಕೊಳ್ಳುತ್ತದೆ. ನುಣ್ಣನೆಯ ಪುಡಿ ತಡೆಯುವುದಿಲ್ಲ. ಬಣ್ಣದ ಮೆಣಸಿನಕಾಯಿಯಲ್ಲಿ ಸಕ್ಕರೆ ಅಂಶ ಇರುತ್ತದೆ. ಕಾದ ಎಣ್ಣೆಯಲ್ಲಿ ಅದು ಕೆಲವೇ ಸೆಕೆಂಡಿನಲ್ಲಿ ಸೀದುಹೋಗುತ್ತದೆ. ಒಮ್ಮೆ ಸೀದರೆ ಮುಗಿಯಿತು. ಸಕ್ಕರೆ ಹಾಕಿ, ಕೆಚಪ್ ಹಾಕಿ, ಏನೇ ಮಾಡಿದರೂ ಆ ಕಹಿ ಹೋಗುವುದಿಲ್ಲ. ಹಾಗಾಗಿ ಪುಡಿ ಹಾಕುವ ಮೊದಲು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಬೇಕು. ಉರಿ ಸಣ್ಣ ಮಾಡಿದರೆ ಸಾಲದು, ಇಳಿಸಲೇಬೇಕು.

ನಾಲ್ಕು ಜನಕ್ಕೆ ಅಳತೆ ಹೇಳುತ್ತೇನೆ. ಒಂದು ಕಿಲೋ ಆಲೂಗಡ್ಡೆಗೆ ಸಾಕಾಗುವಷ್ಟು ಸಾಸ್. ಮಧ್ಯಮ ಗಾತ್ರದ ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದೂವರೆ ದೊಡ್ಡ ಚಮಚ ಮೈದಾ, ಒಂದು ದೊಡ್ಡ ಚಮಚ ಹೊಗೆ ಕೊಟ್ಟ ಬ್ಯಾಡಗಿ ಪುಡಿ, ಅರ್ಧ ಸಣ್ಣ ಚಮಚ ಗುಂಟೂರು ಖಾರದ ಪುಡಿ, 300 ಮಿಲಿ ಸಾರು, ಒಂದು ಸಣ್ಣ ಚಮಚ ವಿನೆಗರ್, ಉಪ್ಪು.

ಸಾರು ಅಂದರೆ ನಮ್ಮ ಊಟದ ಸಾರಲ್ಲ, ತರಕಾರಿ ಬೇಯಿಸಿ ಸೋಸಿದ ನೀರು. ಇಲ್ಲೊಂದು ಮಾತು ಹೇಳಲೇಬೇಕು. ಮ್ಯಾಡ್ರಿಡ್‌ನ ಎಷ್ಟೋ ಬಾರ್‌ಗಳಲ್ಲಿ ಈ ಸಾಸ್‌ಗೆ ಕೋಳಿಯ ಅಥವಾ ಹಂದಿಮಾಂಸದ ಸಾರು ಹಾಕುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ. ಮುಂದೆ ಹೋದಾಗ 'ಯೇವಾ ಕಾರ್ನೆ ಓ ಹಮೋನ್?' ಅಂತ ಕೇಳಿ. ಮಾಂಸ ಅಥವಾ ಹಂದಿತೊಡೆ ಹಾಕಿದ್ದೀರಾ ಎಂದು ಕೇಳಿದ ಹಾಗೆ. ಮನೆಯಲ್ಲಿ ಆ ಚಿಂತೆ ಇಲ್ಲ. ಮ್ಯಾಡ್ರಿಡ್‌ನ ಹೆಸರಾಂತ ಚಳಿಗಾಲದ ಊಟ ಕೊಸಿದೊ. ಕಾಬೂಲಿ ಕಡಲೆಯನ್ನು ಮಾಂಸ, ತರಕಾರಿ ಜೊತೆ ಗಂಟೆಗಟ್ಟಲೆ ಬೇಯಿಸುವುದು. ಅದರ ಸಾರನ್ನೇ ಬ್ರಾವಾಸ್ ಸಾಸ್‌ಗೆ ಬಳಸುವವರಿದ್ದಾರೆ. ನಾವು ಅದರಿಂದ ಕಡಲೆಯನ್ನು ಮಾತ್ರ ತೆಗೆದುಕೊಳ್ಳೋಣ. ರಾತ್ರಿ ನೆನೆಸಿದ ಕಾಬೂಲಿ ಕಡಲೆಯನ್ನು ಅರ್ಧ ಗಜ್ಜರಿ, ಅರ್ಧ ಈರುಳ್ಳಿ, ಒಂದು ಪಲಾವ್ ಎಲೆ, ನಾಲ್ಕು ಕಾಳುಮೆಣಸು ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ. ಸೋಸಿದರೆ ಬರುವ ಕಟ್ಟು ಇದೆಯಲ್ಲ, ಅದು ಈ ಸಾಸ್‌ಗೆ ಹೇಳಿ ಮಾಡಿಸಿದ್ದು. ಬರೀ ನೀರು ಹಾಕಿದರೆ ಸಾಸ್ ಸಪ್ಪೆ. ಅಂಗಡಿಯ ಸೂಪ್ ಕ್ಯೂಬ್ ಹಾಕಿದರೆ ಬರೀ ಉಪ್ಪು.

ಈರುಳ್ಳಿ ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಾಡಿಸಿ. ಕೆಂಪಾಗಬಾರದು. ಬೆರಳಲ್ಲಿ ಒತ್ತಿದರೆ ಕರಗುವಂತಿರಬೇಕು. ಇಲ್ಲಿ ಅವಸರ ಮಾಡಿದರೆ ಸಾಸ್‌ನಲ್ಲಿ ಹಸಿ ಈರುಳ್ಳಿ ವಾಸನೆ ಕೊನೆವರೆಗೂ ಉಳಿಯುತ್ತದೆ. ಜಜ್ಜಿದ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ. ಮೈದಾ ಹಾಕಿ ಎರಡು ನಿಮಿಷ ತಿರುವಿ. ಹಸಿ ಹಿಟ್ಟಿನ ವಾಸನೆ ಹೋಗಿ, ಬಿಸ್ಕತ್ತಿನಂಥ ಪರಿಮಳ ಬರಬೇಕು. ಈಗ ಬಾಣಲೆ ಕೆಳಗಿಳಿಸಿ. ಅರ್ಧ ನಿಮಿಷ ಬಿಡಿ. ಆಮೇಲೆ ಎರಡೂ ಪುಡಿ ಒಟ್ಟಿಗೆ ಹಾಕಿ, ಹತ್ತು ಎಣಿಸುವಷ್ಟು ಹೊತ್ತು ತಿರುವಿ. ಎಣ್ಣೆ ಕೆಂಪಗೆ ಬಿಟ್ಟುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಇಟ್ಟಿಗೆ ಬಣ್ಣ ಇದ್ದರೆ ಸರಿ. ಕಾಫಿ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಮತ್ತೆ ಶುರು ಮಾಡಿ, ಬೇರೆ ದಾರಿ ಇಲ್ಲ. ತಕ್ಷಣ ಬಿಸಿ ಸಾರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಗಂಟಾಗದಂತೆ ಕಲಸಿ. ಮತ್ತೆ ಒಲೆಯ ಮೇಲಿಟ್ಟು ಹದಿನೈದು ನಿಮಿಷ ಸಣ್ಣಗೆ ಕುದಿಯಲು ಬಿಡಿ. ತಣ್ಣಗಾದ ಮೇಲೆ ಮಿಕ್ಸಿಗೆ ಹಾಕಿ ಸೋಸಿ. ಕೊನೆಗೆ ವಿನೆಗರ್. ಮೊದಲೇ ಹಾಕಿದರೆ ಕುದಿಯಲ್ಲಿ ಅದರ ಚುರುಕು ಹೋಗಿಬಿಡುತ್ತದೆ. ಸ್ಪೇನ್‌ನ ಶೆರಿ ವಿನೆಗರ್ ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಸೇಬಿನ ವಿನೆಗರ್. ಹುಣಸೆ ಹುಳಿ ಮಾತ್ರ ಬೇಡ, ರುಚಿ ಪೂರ್ತಿ ನಮ್ಮ ಗೊಜ್ಜಿನ ಕಡೆ ವಾಲುತ್ತದೆ.

ಚಮಚದ ಬೆನ್ನಿಗೆ ಹತ್ತಿಕೊಂಡು ನಿಲ್ಲುವ ಹದ ಬೇಕು. ಆಲೂಗಡ್ಡೆಯ ಮೇಲೆ ಹಾಕಿದರೆ ಜಾರಬೇಕು, ಹರಿಯಬಾರದು. ಖಾರ ಎಷ್ಟಿರಬೇಕು ಅನ್ನುವುದು ನಿಮ್ಮಿಷ್ಟ. ಮ್ಯಾಡ್ರಿಡ್‌ನ ಖಾರ ನಮ್ಮ ಲೆಕ್ಕದಲ್ಲಿ ತುಂಬಾ ಕಮ್ಮಿ. ಉತ್ತರ ಕರ್ನಾಟಕದ ನಾಲಿಗೆಗೆ ಅದು ಖಾರವೇ ಅಲ್ಲ. ಹೆಚ್ಚಿಸಬೇಕು ಅಂದರೆ ಗುಂಟೂರು ಪುಡಿ ಹೆಚ್ಚಿಸಿ, ಬ್ಯಾಡಗಿ ಅಷ್ಟೇ ಇರಲಿ. ಗರಂ ಮಸಾಲೆ, ಧನಿಯಾ, ಕರಿಬೇವಿನ ಕಡೆ ಕೈ ಹೋಗುತ್ತದೆ, ತಡೆದುಕೊಳ್ಳಿ. ಈ ಸಾಸ್‌ನ ಚೆಂದ ಇರುವುದೇ ಅದರ ಬಡತನದಲ್ಲಿ. ಒಂದೇ ಮಸಾಲೆ, ಅದು ಪೂರ್ತಿ ಮಾತಾಡಬೇಕು.

ಇನ್ನು ಆಲೂಗಡ್ಡೆ. ನಿಮ್ಮದು ಕಪ್ಪಾದದ್ದು ಬಹುಶಃ ನಿಮ್ಮ ತಪ್ಪಲ್ಲ, ಆಲೂಗಡ್ಡೆಯ ತಪ್ಪು. ಕೋಲ್ಡ್ ಸ್ಟೋರೇಜ್‌ನಲ್ಲಿ 2ರಿಂದ 4 ಡಿಗ್ರಿಯಲ್ಲಿ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ನಿಧಾನವಾಗಿ ಸಕ್ಕರೆಯಾಗುತ್ತದೆ. ಕರಿದಾಗ ಆ ಸಕ್ಕರೆ ಬೇಗ ಕೆಂಪಾಗಿ ಕಪ್ಪಾಗುತ್ತದೆ, ಒಳಗೆ ಇನ್ನೂ ಬೆಂದಿರುವುದಿಲ್ಲ. ಮನೆಯ ಫ್ರಿಜ್‌ನಲ್ಲಿ ಇಟ್ಟರೂ ಇದೇ ಕಥೆ. ತಂದದ್ದನ್ನು ಬುಟ್ಟಿಯಲ್ಲಿ, ಕತ್ತಲಲ್ಲಿ, ಗಾಳಿಯಾಡುವ ಕಡೆ ಇಡಿ. ಇನ್ನೊಂದು ಕಡೆ, ಆಗತಾನೇ ಹೊಲದಿಂದ ಬಂದ ತೆಳು ಸಿಪ್ಪೆಯ ಹೊಸ ಆಲೂಗಡ್ಡೆಯೂ ಇದಕ್ಕೆ ಆಗುವುದಿಲ್ಲ. ಅದರಲ್ಲಿ ನೀರು ಜಾಸ್ತಿ. ಪಲ್ಯಕ್ಕೆ ಸೊಗಸು, ಆದರೆ ಗರಿಯಾಗುವುದಿಲ್ಲ. ನಮ್ಮಲ್ಲಿ ಎಲ್ಲ ಕಡೆ ಸಿಗುವ ಕುಫ್ರಿ ಜ್ಯೋತಿ ತಳಿಯಲ್ಲೂ ನೀರಿನ ಅಂಶ ಸ್ವಲ್ಪ ಹೆಚ್ಚೇ. ಚಿಪ್ಸ್‌ಗೆಂದೇ ಬೆಳೆಸಿದ ಚಿಪ್ಸೋನಾ ತಳಿ ಸಿಕ್ಕರೆ ಬಿಡಬೇಡಿ.

ಅಂಗಡಿಯವರಿಗೆ ತಳಿಯ ಹೆಸರು ಗೊತ್ತಿರುವುದಿಲ್ಲ ಅಂತೀರಾ? ಹಾಗಾದರೆ ಉಪ್ಪುನೀರಿನಲ್ಲಿ ನೋಡಿ. ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು, ಅದೇ ಲೆಕ್ಕದಲ್ಲಿ ಸ್ವಲ್ಪ ಮಾಡಿಕೊಂಡರೂ ಆಗುತ್ತದೆ. ಪಿಷ್ಟ ತುಂಬಿದ ಆಲೂಗಡ್ಡೆ ಅದರಲ್ಲಿ ಮುಳುಗುತ್ತದೆ, ನೀರು ತುಂಬಿದ್ದು ತೇಲುತ್ತದೆ. ಮುಳುಗಿದ್ದನ್ನು ಕರಿಯಿರಿ, ತೇಲಿದ್ದನ್ನು ಪಲ್ಯಕ್ಕಿಡಿ. ಹೊರದೇಶದಲ್ಲಿರುವ ಓದುಗರೂ ಇದನ್ನು ಕೇಳುತ್ತಿರುತ್ತಾರೆ. ಅವರಿಗೆ ಕೆಲಸ ಸುಲಭ: ಬ್ರಿಟನ್‌ನಲ್ಲಿ ಮ್ಯಾರಿಸ್ ಪೈಪರ್, ಜರ್ಮನಿ, ನೆದರ್ಲೆಂಡ್ಸ್ ಕಡೆ ಆಗ್ರಿಯಾ, ಅಮೆರಿಕದಲ್ಲಿ ರಸೆಟ್.

ಸಿಪ್ಪೆ ತೆಗೆದು ಒಂದು ಇಂಚಿಗಿಂತ ತುಸು ದೊಡ್ಡದಾಗಿ ಹೆಚ್ಚಿ. ಚೌಕ ಚೌಕವಾಗಿ ನೀಟಾಗಿ ಹೆಚ್ಚಬೇಕಿಲ್ಲ. ಅಡ್ಡಾದಿಡ್ಡಿ ಮೂಲೆಗಳಿದ್ದರೆ ಅಲ್ಲಲ್ಲಿ ಗರಿ ಹಿಡಿಯುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಿ. ಕರಿಯುವುದು ಎರಡು ಸಲ. ಇದರಲ್ಲಿ ರಾಜಿ ಇಲ್ಲ. ಒಂದೇ ಸಲ ದೊಡ್ಡ ಉರಿಯಲ್ಲಿ ಕರಿದರೆ ನಿಮಗೆ ಆದ ಹಾಗೇ ಆಗುತ್ತದೆ: ಹೊರಗೆ ಬಣ್ಣ ಬಂತು ಅಂತ ತೆಗೆಯುತ್ತೀರಿ, ಒಳಗಿನ ತೇವ ಹೊರಗೆ ಬಂದು ಮೇಲಿನ ಗರಿಯನ್ನು ಮೆತ್ತಗೆ ಮಾಡುತ್ತದೆ.

ಮೊದಲ ಸಲ ಎಣ್ಣೆ 130ರಿಂದ 140 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತುಂಡು ಹಾಕಿ ನೋಡಿ. ಸುತ್ತ ಸಣ್ಣ ಗುಳ್ಳೆ ನಿಧಾನಕ್ಕೆ ಏಳಬೇಕು, ಚುಂಯ್ ಅನ್ನುವ ಸದ್ದು ಬರಬಾರದು. ಈ ಎಣ್ಣೆಯಲ್ಲಿ ಆಲೂಗಡ್ಡೆ ಹತ್ತು ಹನ್ನೆರಡು ನಿಮಿಷ ಬೇಯುತ್ತದೆ, ಬಣ್ಣ ಬರುವುದಿಲ್ಲ. ಚಾಕು ಸಲೀಸಾಗಿ ಇಳಿದರೆ ಜಾಲರಿ ಸೌಟಿನಲ್ಲಿ ತೆಗೆದು ತಟ್ಟೆಯಲ್ಲಿ ಹರಡಿ. ಒಂದರ ಮೇಲೊಂದು ಹಾಕಬೇಡಿ. ಕನಿಷ್ಠ ಇಪ್ಪತ್ತು ನಿಮಿಷ ಬಿಡಿ. ಹಬೆಯೆಲ್ಲ ಹೋಗಿ ಮೇಲ್ಮೈ ಒಣಗುತ್ತದೆ. ನೆಂಟರು ಬರುವವರಿದ್ದರೆ ಇಲ್ಲಿಗೆ ನಿಲ್ಲಿಸಿ, ಎರಡು ಮೂರು ಗಂಟೆ ಬಿಟ್ಟು ಮುಂದುವರಿಸಬಹುದು.

ಎರಡನೇ ಸಲ ಎಣ್ಣೆ 180 ಡಿಗ್ರಿ ದಾಟಿರಲಿ. ಒಂದು ಬಾರಿಗೆ ಒಂದು ಹಿಡಿಯಷ್ಟು ಮಾತ್ರ ಬಿಡಿ. ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ, ಆಲೂಗಡ್ಡೆ ಎಣ್ಣೆ ಕುಡಿಯುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಹೊಂಬಣ್ಣ ಬರುತ್ತದೆ. ಸೌಟಿನಲ್ಲಿ ಅಲ್ಲಾಡಿಸಿದರೆ ಗಲಗಲ ಸದ್ದು ಕೇಳಬೇಕು. ಆ ಸದ್ದು ಬಂದರೆ ತೆಗೆಯಿರಿ. ಕಂದು ಬಣ್ಣಕ್ಕೆ ಹೋಗಲು ಬಿಡಬೇಡಿ. ರುಚಿಯೂ ಕೆಡುತ್ತದೆ, ಹೆಚ್ಚು ಕಪ್ಪಾದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತುವೂ ಹೆಚ್ಚುತ್ತದೆ. ಬಾಣಲೆಯಿಂದ ತೆಗೆದ ಕೂಡಲೇ ಉಪ್ಪು ಉದುರಿಸಿ.

ಕರಿಯಲು ಸ್ಪೇನ್‌ನವರು ಆಲಿವ್ ಎಣ್ಣೆ ಬಳಸುತ್ತಾರೆ. ನಮ್ಮಲ್ಲಿ ಅದರ ಬೆಲೆಗೆ ಅದು ಆಗುವ ಮಾತಲ್ಲ. ಶೇಂಗಾ ಎಣ್ಣೆ ಬಳಸಿ, ಕರಿಯಲು ಅದು ಒಳ್ಳೆಯ ಎಣ್ಣೆ. ಆಲಿವ್ ಎಣ್ಣೆಯ ಪರಿಮಳ ಬೇಕಿರುವುದು ಸಾಸ್‌ನಲ್ಲಿ. ಅಲ್ಲಿ ಮಾತ್ರ ಜಿಪುಣತನ ಬೇಡ.

ಮೊದಲ ಸಲ ಕರಿಯುವ ಬದಲು ನೀರಿನಲ್ಲಿ ಬೇಯಿಸುವವರೂ ಇದ್ದಾರೆ. ಎಣ್ಣೆ ಕಮ್ಮಿ ಬೇಕು ಅನ್ನುವವರಿಗೆ ಇದು ಸರಿ. ಕುಕ್ಕರ್ ಬೇಡ, ಒಂದು ಸೀಟಿಗೇ ಕರಗಿಹೋಗುತ್ತದೆ. ತಣ್ಣೀರಿಗೆ ಹಾಕಿ, ಉಪ್ಪಿನ ಜೊತೆ ಲೀಟರ್‌ಗೆ ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ ಕುದಿಸಿ. ಹುಳಿ ಇದ್ದರೆ ಆಲೂಗಡ್ಡೆಯನ್ನು ಅಂಟಿನಂತೆ ಹಿಡಿದಿಡುವ ಪೆಕ್ಟಿನ್ ಬೇಗ ಬಿಟ್ಟುಕೊಡುವುದಿಲ್ಲ, ತುಂಡು ಒಡೆಯದೆ ಬೇಯುತ್ತದೆ. ಸೋಸಿ, ಹಬೆ ಆರಿಸಿ, ಆಮೇಲೆ ಕಾದ ಎಣ್ಣೆಗೆ. ಏರ್ ಫ್ರೈಯರ್ ಇದ್ದರೆ ಹೀಗೆ ಬೇಯಿಸಿದ್ದಕ್ಕೆ ಎರಡು ಚಮಚ ಎಣ್ಣೆ ಸವರಿ 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಬಹುದು. ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ನೀವು ಹುಡುಕುತ್ತಿರುವ ರುಚಿ ಅದಲ್ಲ.

ಬಾರ್ಸಿಲೋನಾ ರೀತಿ ಬಿಳಿ ಸಾಸ್ ಕೂಡ ಬೇಕೆನಿಸಿದರೆ ಮೊಟ್ಟೆ ಇಲ್ಲದೆಯೂ ಆಗುತ್ತದೆ. ಸ್ಪೇನ್‌ನ ಮನೆಗಳಲ್ಲೂ ಹಾಲಿನಿಂದ ಮಾಡುತ್ತಾರೆ. 100 ಮಿಲಿ ಗಟ್ಟಿ ಹಾಲು, ಫ್ರಿಜ್‌ನಿಂದ ತೆಗೆದು ತಣುವು ಹೋಗಿರಬೇಕು. ಅದಕ್ಕೆ 200 ಮಿಲಿ ಸೂರ್ಯಕಾಂತಿ ಎಣ್ಣೆ, ಒಂದು ಎಸಳು ಬೆಳ್ಳುಳ್ಳಿ, ಉಪ್ಪು. ಉದ್ದನೆಯ ಲೋಟದಲ್ಲಿ ಎಲ್ಲ ಹಾಕಿ, ಹ್ಯಾಂಡ್ ಬ್ಲೆಂಡರ್ ತಳಕ್ಕೆ ಒತ್ತಿ ಹಿಡಿದು ಅಲ್ಲಾಡಿಸದೆ ಓಡಿಸಿ. ತಳದಿಂದ ಬಿಳಿ ಕೆನೆ ಮೇಲೇರುವುದು ಕಾಣುತ್ತದೆ. ಆಮೇಲೆ ಮೆಲ್ಲಗೆ ಮೇಲೆತ್ತಿ. ಕೊನೆಗೆ ಅರ್ಧ ಚಮಚ ನಿಂಬೆರಸ. ಇದಕ್ಕೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಹಾಕಬೇಡಿ, ಬ್ಲೆಂಡರ್ ಬ್ಲೇಡಿಗೆ ಸಿಕ್ಕಿ ಕಹಿಯಾಗುತ್ತದೆ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಇರುವುದರಿಂದ ಹೊರಗೆ ಇಡುವುದು ಅಪಾಯ. ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಿ.

ಬಡಿಸುವಾಗ ತಟ್ಟೆಗೆ ಆಲೂಗಡ್ಡೆ ಹಾಕಿ, ಮೇಲೆ ಬಿಸಿ ಸಾಸ್ ಸುರಿಯಿರಿ. ಬಾಣಲೆಯಲ್ಲಿ ಹಾಕಿ ಕಲಸಬೇಡಿ. ಪ್ರತಿ ತುಂಡಿಗೂ ಸಾಸ್ ಹತ್ತಬೇಕಿಲ್ಲ, ಒಂದೆರಡು ಬರೀ ಗರಿಯಾಗಿ ಉಳಿದರೆ ತಿನ್ನುವಾಗ ಖುಷಿ. ಮನೆಯವರೆಲ್ಲ ಕೂತ ಮೇಲೇ ಸಾಸ್ ಹಾಕಿ, ಯಾಕಂದರೆ ಐದು ನಿಮಿಷದ ಮೇಲೆ ಯಾವ ಆಲೂಗಡ್ಡೆಯೂ ಗರಿ ಉಳಿಸಿಕೊಳ್ಳುವುದಿಲ್ಲ.

ಕೆಂಪು ಸಾಸ್ ಅನ್ನು ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ಒಳ್ಳೆಯದು, ರಾತ್ರಿ ಕಳೆದರೆ ರುಚಿ ಕೂಡಿಕೊಳ್ಳುತ್ತದೆ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಹಿಟ್ಟು ಇರುವುದರಿಂದ ಗಟ್ಟಿಯಾಗಿರುತ್ತದೆ. ಬಿಸಿ ಮಾಡುವಾಗ ಎರಡು ಚಮಚ ಕಡಲೆ ಕಟ್ಟು ಸೇರಿಸಿ ಸಡಿಲ ಮಾಡಿ, ಇಳಿಸುವ ಮುಂಚೆ ನಾಲ್ಕು ಹನಿ ವಿನೆಗರ್ ಮತ್ತೆ ಹಾಕಿ.